ಸೆರೆಮನೆಯಿಂದ ಬಂದ ನಗು: ಪ್ಲಾಟ್ ಮಾತಿನ ಕವಿ ಫ್ರಿಟ್ಸ್ ರಾಯ್ಟರ್

(ಸಾಹಿತ್ಯಾಸಕ್ತರ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಜರ್ಮನ್ ಸಾಹಿತ್ಯ ಅಂದರೆ ನಮಗೆ ಗಯಟೆ ನೆನಪಾಗುತ್ತಾನೆ, ಶಿಲ್ಲರ್ ನೆನಪಾಗುತ್ತಾನೆ. ಇವತ್ತು ನಾನು ಮಾತಾಡಲು ಬಂದಿರುವ ಫ್ರಿಟ್ಸ್ ರಾಯ್ಟರ್ ಹೆಸರನ್ನು ನಿಮ್ಮಲ್ಲಿ ಹೆಚ್ಚಿನವರು ಕೇಳಿರಲಿಕ್ಕಿಲ್ಲ. ಆದರೆ ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ಉತ್ತರ ಜರ್ಮನಿಯ ಮನೆಗಳಲ್ಲಿ ಸಂಜೆ ಹೊತ್ತು ಜೋರಾಗಿ ಓದಿ ನಗುತ್ತಿದ್ದದ್ದು ಇವನ ಪುಸ್ತಕಗಳನ್ನೇ. ಅವನು ಬರೆದದ್ದು ಶಾಲೆಯ ಜರ್ಮನ್‌ನಲ್ಲಿ ಅಲ್ಲ, ಪ್ಲಾಟ್‌ಡಾಯ್ಚ್ ಎಂಬ ಮನೆಮಾತಿನಲ್ಲಿ. ಜನ ಅದನ್ನು ಚಿಕ್ಕದಾಗಿ ಪ್ಲಾಟ್ ಅನ್ನುತ್ತಾರೆ.

ಅವನನ್ನು ಹಾಸ್ಯ ಬರಹಗಾರ ಅಂತ ಎಲ್ಲ ಕಡೆ ಪರಿಚಯಿಸುತ್ತಾರೆ. ಅದು ಸರಿಯೇ. ಆದರೆ ಆ ನಗುವಿನ ಹಿಂದೆ ಏಳು ವರ್ಷದ ಸೆರೆ ಇದೆ, ಬಿಡಲಾಗದ ಕುಡಿತ ಇದೆ, ತಲೆ ಮೇಲೊಂದು ಸೂರು ಸಿಗದೆ ಊರು ಬಿಟ್ಟ ಕೂಲಿಯವರ ಸಿಟ್ಟಿದೆ. ಇದನ್ನೆಲ್ಲ ಪಕ್ಕಕ್ಕಿಟ್ಟು ಓದಿದರೆ ನಮಗೆ ಅರ್ಧ ರಾಯ್ಟರ್ ಮಾತ್ರ ಸಿಗುತ್ತಾನೆ. ಉಳಿದ ಅರ್ಧದ ಬಗ್ಗೆ ಹೇಳಬೇಕು ಅಂತಲೇ ನಾನು ಬಂದಿದ್ದೇನೆ.

ಮೊದಲು ಆ ಮಾತಿನ ಬಗ್ಗೆ ಸ್ವಲ್ಪ. ಜರ್ಮನಿಯ ಉತ್ತರದ ಬಯಲು ಸೀಮೆಯಲ್ಲಿ, ಕಡಲ ತೀರದುದ್ದಕ್ಕೂ ಜನ ಆಡುತ್ತಿದ್ದದ್ದು ಪ್ಲಾಟ್. ಒಂದು ಕಾಲದಲ್ಲಿ ಅದಕ್ಕೆ ದೊಡ್ಡ ಮರ್ಯಾದೆ ಇತ್ತು. ಹಾನ್ಸೆ ಎಂಬ ವರ್ತಕರ ಕೂಟ ಬಾಲ್ಟಿಕ್ ಸಮುದ್ರದ ಸುತ್ತ ವ್ಯಾಪಾರ ಮಾಡುತ್ತಿದ್ದಾಗ ಪತ್ರ, ಲೆಕ್ಕ, ಒಪ್ಪಂದ ಎಲ್ಲವೂ ಈ ಭಾಷೆಯಲ್ಲೇ ನಡೆಯುತ್ತಿದ್ದವು. 1534ರಲ್ಲಿ ಇದರಲ್ಲಿ ಬೈಬಲ್ ಕೂಡ ಅಚ್ಚಾಯಿತು. ಆಮೇಲೆ ದಕ್ಷಿಣ ಮತ್ತು ಮಧ್ಯ ಭಾಗದ ಜರ್ಮನ್ ಮೇಲೆ ಬಂತು. ಕಚೇರಿ, ಚರ್ಚು, ಶಾಲೆ ಎಲ್ಲ ಅದರ ಪಾಲಾದವು. ಪ್ಲಾಟ್ ಅಡುಗೆಮನೆಗೆ, ಹೊಲಕ್ಕೆ, ಹಡಗುಕಟ್ಟೆಗೆ ಹೋಗಿ ನಿಂತಿತು. ರಾಯ್ಟರ್ ಹುಟ್ಟುವ ಹೊತ್ತಿಗೆ ಓದಿದವರು ಅದನ್ನು ಆಳುಕಾಳುಗಳ ಮಾತು ಅಂತಲೇ ತಿಳಿದಿದ್ದರು.

ಇಲ್ಲೊಂದು ಮಾತು. ನಮಗೆಲ್ಲ ಗೊತ್ತಿರುವ ಕಿಟೆಲ್, ಅದೇ ನಮ್ಮ ನಿಘಂಟಿನ ಕಿಟೆಲ್, 1832ರಲ್ಲಿ ಹುಟ್ಟಿದ್ದು ಜರ್ಮನಿಯ ವಾಯವ್ಯ ಮೂಲೆಯ ಪೂರ್ವ ಫ್ರಿಸಿಯಾದ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ಆ ಸೀಮೆಯ ಜನರ ಆಡುಮಾತೂ ಪ್ಲಾಟ್ ಭಾಷೆಯದೇ ಒಂದು ಬಗೆ. ಹಾಗಾಗಿ ಈ ಭಾಷೆ ನಮಗೆ ಪೂರ್ತಿ ದೂರದ್ದೇನಲ್ಲ.

ರಾಯ್ಟರ್ ಹುಟ್ಟಿದ್ದು 1810ರ ನವೆಂಬರ್ 7ರಂದು, ಮೆಕ್ಲೆನ್‌ಬರ್ಗ್ ಪ್ರಾಂತ್ಯದ ಸ್ಟಾವೆನ್‌ಹಾಗನ್ ಎಂಬ ಸಣ್ಣ ಊರಿನಲ್ಲಿ. ಅಪ್ಪ ಆ ಊರಿನ ಮೇಯರ್, ನ್ಯಾಯಾಧೀಶನೂ ಹೌದು. ಮನೆ ಇದ್ದದ್ದು ಪುರಭವನದಲ್ಲೇ. ಇವತ್ತು ಅದೇ ಕಟ್ಟಡ ರಾಯ್ಟರ್ ಮ್ಯೂಸಿಯಂ. ಅಪ್ಪ ಗಟ್ಟಿ ಆಸಾಮಿ. ಹೊಸ ಹೊಸ ಬೆಳೆ ತಂದು ಪ್ರಯೋಗ ಮಾಡಿದ, ಬಿಯರ್ ತಯಾರಿಸುವ ಕೆಲಸ ಹಾಕಿಕೊಂಡ, ಊರನ್ನು ಬಿಗಿಯಾಗಿ ನಡೆಸಿದ. ತಾಯಿ ಕಾಯಿಲೆಯವಳು. ರಾಯ್ಟರ್‌ಗೆ ಹದಿನಾರು ತುಂಬುವ ಮೊದಲೇ ತೀರಿಕೊಂಡಳು. ಹುಡುಗನಿಗೆ ಚಿತ್ರ ಬರೆಯುವ ಹುಚ್ಚು. ಚಿತ್ರಕಾರ ಆಗುತ್ತೇನೆ ಅಂದ. ಅಪ್ಪ ಒಪ್ಪಲಿಲ್ಲ. ಕಾನೂನು ಓದು ಅಂದ. ಹುಡುಗ ಮೊದಲು ರೋಸ್ಟಾಕ್‌ಗೆ, ಆಮೇಲೆ 1832ರಲ್ಲಿ ಯೇನಾಕ್ಕೆ ಹೋದ.

ಯೇನಾದಲ್ಲಿ ಅವನ ಬದುಕು ತಿರುಗಿತು. ಆಗ ಜರ್ಮನಿ ಒಂದು ದೇಶ ಆಗಿರಲಿಲ್ಲ. ಮೂವತ್ತಕ್ಕೂ ಹೆಚ್ಚು ರಾಜ್ಯಗಳು, ಒಂದೊಂದಕ್ಕೂ ಒಬ್ಬೊಬ್ಬ ದೊರೆ. ಒಂದೇ ದೇಶ ಬೇಕು, ಸಂವಿಧಾನ ಬೇಕು ಅಂತ ಕೇಳುತ್ತಿದ್ದವರಲ್ಲಿ ವಿದ್ಯಾರ್ಥಿ ಸಂಘಗಳೇ ಮುಂದೆ. ಕಪ್ಪು, ಕೆಂಪು, ಬಂಗಾರದ ಬಣ್ಣ ಅವರದು. ರಾಯ್ಟರ್ ಅಂಥ ಒಂದು ಸಂಘ ಸೇರಿದ. ಹಾಡಿದ, ಕುಡಿದ, ಬಣ್ಣದ ಪಟ್ಟಿ ತೊಟ್ಟು ಬೀದಿಯಲ್ಲಿ ಓಡಾಡಿದ. 1833ರ ಏಪ್ರಿಲ್‌ನಲ್ಲಿ ಕೆಲವು ವಿದ್ಯಾರ್ಥಿಗಳು ಫ್ರಾಂಕ್‌ಫರ್ಟ್‌ನ ಕಾವಲು ಠಾಣೆಗಳ ಮೇಲೆ ದಾಳಿ ಮಾಡಿದರು. ದಾಳಿ ಸೋತಿತು. ಸರ್ಕಾರಗಳು ಹೆದರಿ ಎಲ್ಲ ಸಂಘಗಳ ಮೇಲೂ ಮುರಿದುಕೊಂಡು ಬಿದ್ದವು. ಆ ದಾಳಿಯಲ್ಲಿ ರಾಯ್ಟರ್ ಇರಲಿಲ್ಲ. ಆದರೂ ಅದೇ ವರ್ಷ ಅಕ್ಟೋಬರ್ ಕೊನೆಗೆ ಬರ್ಲಿನ್‌ನಲ್ಲಿ ಅವನನ್ನು ಹಿಡಿದರು. ಬರ್ಲಿನ್ ಪ್ರಶ್ಯಾ ಎಂಬ ರಾಜ್ಯದ ರಾಜಧಾನಿ. ಅವನು ಪ್ರಶ್ಯಾದ ಪ್ರಜೆ ಕೂಡ ಅಲ್ಲ.

ವಿಚಾರಣೆ ಎಳೆಯಿತು. ಕೊನೆಗೆ ಬಂದ ತೀರ್ಪು ಮರಣದಂಡನೆ! ಅವನೊಬ್ಬನಿಗಲ್ಲ, 39 ವಿದ್ಯಾರ್ಥಿಗಳಿಗೆ. ಆಮೇಲೆ ರಾಜ ಅದನ್ನು ಇಳಿಸಿದ. ರಾಯ್ಟರ್ ಪಾಲಿಗೆ ಬಂದದ್ದು 30 ವರ್ಷ ಕೋಟೆಯ ಸೆರೆ. ಸುಮ್ನೆ ಯೋಚನೆ ಮಾಡಿ, ಇಪ್ಪತ್ತೈದರ ಆಸುಪಾಸಿನ ಹುಡುಗ. ಹೊರಗೆ ಬರುವಾಗ ಐವತ್ತು ದಾಟಿರುತ್ತದೆ. ಸಿಲ್ಬರ್‌ಬರ್ಗ್, ಗ್ಲೋಗಾವ್, ಮಾಗ್ಡೆಬರ್ಗ್, ಗ್ರೌಡೆನ್ಸ್ ಅಂತ ಕೋಟೆಯಿಂದ ಕೋಟೆಗೆ ಅವನನ್ನು ಸಾಗಿಸಿದರು. ಕೊನೆಗೆ 1839ರಲ್ಲಿ ತನ್ನದೇ ಪ್ರಾಂತ್ಯದ ಡೊಮಿಟ್ಸ್ ಕೋಟೆ. 1840ರಲ್ಲಿ ಪ್ರಶ್ಯಾದ ರಾಜ ಸತ್ತ, ಹೊಸ ರಾಜ ಕ್ಷಮೆ ಕೊಟ್ಟ, ಹೀಗೆ ಬಿಡುಗಡೆ ಆಯಿತು. ಏಳು ವರ್ಷ ಹೋಗಿತ್ತು.

ಹೊರಗೆ ಬಂದವನಿಗೆ ಏನೂ ಉಳಿದಿರಲಿಲ್ಲ. ಅಪ್ಪ ಮತ್ತೆ ಕಾನೂನು ಓದಲು ಹೈಡೆಲ್‌ಬರ್ಗ್‌ಗೆ ಕಳಿಸಿದ. ಪುಸ್ತಕ ಹಿಡಿಯಲು ಆಗಲಿಲ್ಲ. ಕುಡಿತ ಅವನನ್ನು ಹಿಡಿದುಕೊಂಡಿತ್ತು. ಅದು ದಿನಾ ಕುಡಿಯುವ ಚಟ ಅಲ್ಲ. ವಾರಗಟ್ಟಲೆ ಚೆನ್ನಾಗಿರುತ್ತಿದ್ದ, ಆಮೇಲೆ ಒಮ್ಮೆಗೇ ಅಲೆ ಬಂದ ಹಾಗೆ ಬರುತ್ತಿತ್ತು, ಎಚ್ಚರ ತಪ್ಪುವವರೆಗೆ ಕುಡಿಯುತ್ತಿದ್ದ. ಸಾಯುವ ತನಕ ಇದು ಅವನನ್ನು ಬಿಡಲಿಲ್ಲ. ಅಪ್ಪ ಮನೆಗೆ ಕರೆತಂದ. 1845ರಲ್ಲಿ ಅಪ್ಪ ತೀರಿಕೊಂಡಾಗ ಉಯಿಲಿನಲ್ಲಿ ಮಗನ ಪಾಲನ್ನು ಅವನ ಕೈಗೆ ಕೊಟ್ಟಿರಲಿಲ್ಲ. ಕುಡಿತ ಬಿಟ್ಟರೆ ಮಾತ್ರ ಅಂತ ಷರತ್ತು. ಅಪ್ಪನ ಕಷ್ಟ ನನಗೆ ಅರ್ಥ ಆಗುತ್ತದೆ. ಆದರೂ ಸೆರೆಯಲ್ಲಿ ಮುರಿದು ಬಂದ ಮಗನಿಗೆ ಸತ್ತ ಅಪ್ಪನಿಂದಲೂ ಇನ್ನೊಂದು ಶಿಕ್ಷೆ ಬಂತಲ್ಲ ಅಂತ ಸಂಕಟ ಆಗುತ್ತದೆ.

ಅವನನ್ನು ಕೈಹಿಡಿದದ್ದು ಹೊಲ. ಮೆಕ್ಲೆನ್‌ಬರ್ಗ್‌ನಲ್ಲಿ ದೊಡ್ಡ ಜಮೀನುಗಳಲ್ಲಿ ಬೇಸಾಯದ ಕೆಲಸ ಕಲಿಯಲು ಬರುವ ಹುಡುಗರಿಗೆ 'ಸ್ಟ್ರೋಮ್' ಅನ್ನುತ್ತಿದ್ದರು. ಮೂವತ್ತು ದಾಟಿದ ರಾಯ್ಟರ್ ಹಾಗೆ ಕೆಲಸಕ್ಕೆ ಸೇರಿದ. ಬೆಳಗ್ಗೆ ಎದ್ದು ಆಳುಗಳ ಜೊತೆ ಹೊಲಕ್ಕೆ ಹೋದ. ಫ್ರಿಟ್ಸ್ ಪೀಟರ್ಸ್ ಎಂಬ ಸ್ನೇಹಿತ ತನ್ನ ಮನೆಯಲ್ಲಿ ಇಟ್ಟುಕೊಂಡ. ಪಾದ್ರಿಯೊಬ್ಬನ ಮಗಳು ಲೂಯಿಸೆಯ ಪರಿಚಯ ಆಯಿತು. ಅವಳಿಗೆ ಅವನ ಕುಡಿತ ಗೊತ್ತಿತ್ತು, ಕೈಯಲ್ಲಿ ಕಾಸಿಲ್ಲದ್ದೂ ಗೊತ್ತಿತ್ತು. 1851ರಲ್ಲಿ ಮದುವೆಯಾದಳು. ಈ ಹೆಂಗಸಿನ ತಾಳ್ಮೆ ಇಲ್ಲದಿದ್ದರೆ ನಾವು ಇವತ್ತು ರಾಯ್ಟರ್ ಬಗ್ಗೆ ಮಾತಾಡುತ್ತಿರಲಿಲ್ಲ ಅಂತ ನನಗೆ ಖಂಡಿತ ಅನಿಸುತ್ತದೆ.

ಟ್ರೆಪ್ಟೋ ಎಂಬ ಊರಿನಲ್ಲಿ ಸಂಸಾರ ಹೂಡಿದರು. ಮನೆಪಾಠ, ಚಿತ್ರಕಲೆ, ಕಸರತ್ತು, ಈಜು, ಯಾವುದು ಸಿಕ್ಕರೆ ಅದನ್ನು ಕಲಿಸಿ ಬದುಕು ಸಾಗಿಸುತ್ತಿದ್ದ. ಸಂಜೆ ಸ್ನೇಹಿತರ ನಡುವೆ ಕಥೆ ಹೇಳುತ್ತಿದ್ದ. ಊರ ಪಾದ್ರಿ, ಚಾಲಾಕಿ ರೈತ, ಪೆದ್ದ ಹುಡುಗ, ಅಂಗಡಿಯವನು, ಇವರ ನಗೆ ಪ್ರಸಂಗಗಳು. ಇವನ್ನೇ ಪ್ರಾಸಬದ್ಧ ಪದ್ಯ ಮಾಡಿ ಬರೆದ. ಪ್ರಕಾಶಕರು ಸಿಗಲಿಲ್ಲ. ಸಾಲ ಮಾಡಿ 1853ರಲ್ಲಿ ತಾನೇ ಅಚ್ಚು ಹಾಕಿಸಿದ. ಪುಸ್ತಕದ ಹೆಸರು 'ಲಾಯ್ಶೆನ್ ಉನ್ ರೀಮೆಲ್ಸ್'. ಸ್ವಲ್ಪ ದಿನದಲ್ಲೇ ಪ್ರತಿಗಳು ಖಾಲಿ. ಮರುವರ್ಷ ಎರಡನೇ ಮುದ್ರಣ. ಆಗ ಅವನಿಗೆ ನಲವತ್ತಮೂರು ದಾಟಿತ್ತು.

ಇದಕ್ಕೂ ಮುಂಚೆ ಅವನು ಬರೆದಿರಲಿಲ್ಲ ಅಂತಲ್ಲ. 1840ರ ದಶಕದಲ್ಲಿ ಶಾಲೆಯ ಜರ್ಮನ್‌ನಲ್ಲಿ ಜಮೀನ್ದಾರರ ದಬ್ಬಾಳಿಕೆ ಬಗ್ಗೆ ಕಾದಂಬರಿ ಶುರು ಮಾಡಿದ್ದ. ಮುಗಿಯಲಿಲ್ಲ. ಅದರಲ್ಲಿ ಸಿಟ್ಟು ಬೇಕಾದಷ್ಟಿದೆ. ಆದರೆ ಪಾತ್ರಗಳು ಪತ್ರಿಕೆಯ ಲೇಖನದ ಹಾಗೆ ಮಾತಾಡುತ್ತವೆ. ಅದೇ ವಸ್ತು ಮುಂದೆ ಪ್ಲಾಟ್‌ನಲ್ಲಿ ಬಂದಾಗ ಮನುಷ್ಯರು ಎದ್ದು ಓಡಾಡಿದರು.

ಹೊಗಳಿಕೆ ಜೊತೆ ಬೈಗುಳವೂ ಬಂತು. ಅದೂ ಹೊರಗಿನವರಿಂದಲ್ಲ. ಕ್ಲೌಸ್ ಗ್ರೋತ್ ಅಂತ ಇನ್ನೊಬ್ಬ ಪ್ಲಾಟ್ ಕವಿ ಇದ್ದ. ಹೊಲ್‌ಸ್ಟೈನ್ ಕಡೆಯವನು. ರಾಯ್ಟರ್‌ಗಿಂತ ಸ್ವಲ್ಪ ಮುಂಚೆ ಅವನ 'ಕ್ವಿಕ್‌ಬಾರ್ನ್' ಸಂಕಲನ ಬಂದು ಹೆಸರು ಮಾಡಿತ್ತು. ಮೃದುವಾದ ಭಾವಗೀತೆಗಳು. ಪ್ಲಾಟ್‌ನಲ್ಲೂ ಉತ್ತಮ ಕಾವ್ಯ ಬರೆಯಬಹುದು ಅಂತ ತೋರಿಸುವುದು ಅವನ ಹಟ. ರಾಯ್ಟರ್‌ನ ನಗೆ ಪದ್ಯಗಳು ನಮ್ಮ ಮಾತನ್ನು ಒರಟು ಅಂತ ತೋರಿಸುತ್ತವೆ ಅಂತ ಅವನು 1858ರಲ್ಲಿ ಬರೆದ. ರಾಯ್ಟರ್‌ಗೆ ಬಹಳ ನೋವಾಯಿತು. ಅದೇ ವರ್ಷ ಒಂದು ಪುಸ್ತಿಕೆ ಬರೆದು ಖಾರವಾಗಿ ಉತ್ತರ ಕೊಟ್ಟ.

ಈ ಜಗಳದಲ್ಲಿ ನಾನು ರಾಯ್ಟರ್ ಕಡೆ. ಗ್ರೋತ್‌ನ ಕಾಳಜಿ ಸುಳ್ಳಲ್ಲ. ಕೀಳು ಅಂತ ಕರೆಸಿಕೊಂಡ ಮಾತನ್ನು ಮೇಲೆತ್ತಬೇಕು ಅನ್ನುವವನಿಗೆ ನಗೆಯ ಬಗ್ಗೆ ಭಯ ಇರುತ್ತದೆ. ಆದರೆ ಜನ ಬೈಯುವ, ಚೌಕಾಸಿ ಮಾಡುವ, ತಮಾಷೆ ಮಾಡುವ ಮಾತನ್ನೆಲ್ಲ ತೊಳೆದು ತೆಗೆದರೆ ಆ ಭಾಷೆಯಲ್ಲಿ ಉಳಿಯುವುದಾದರೂ ಏನು? ಅಷ್ಟೇ ಅಲ್ಲ. ಗ್ರೋತ್ ಹಾಗೆ ಬರೆಯುವ ಹೊತ್ತಿಗಾಗಲೇ ರಾಯ್ಟರ್‌ನ ಕೈಯಿಂದ ಒಂದು ಪುಸ್ತಕ ಬಂದಿತ್ತು. ಅದರಲ್ಲಿ ನಗು ತುಂಬಾ ಕಡಿಮೆ.

ಆ ಪುಸ್ತಕ 'ಕೈನ್ ಹ್ಯೂಸುಂಗ್'. ಪ್ರಕಟವಾದದ್ದು 1857ರ ಕೊನೆಯ ಹೊತ್ತಿಗೆ. ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ.

ಮೆಕ್ಲೆನ್‌ಬರ್ಗ್‌ನಲ್ಲಿ ಜೀತ ಕಾನೂನಿನ ಪ್ರಕಾರ 1820ರಲ್ಲೇ ರದ್ದಾಗಿತ್ತು. ಕಾಗದದ ಮೇಲೆ ಕೂಲಿಯವನು ಸ್ವತಂತ್ರ. ಆದರೆ ಜಮೀನು ಪೂರ್ತಿ ಜಮೀನ್ದಾರನದೇ, ಹಳ್ಳಿಯ ಗುಡಿಸಲುಗಳೂ ಅವನವೇ. ಮದುವೆ ಆಗಬೇಕಾದರೆ ಹುಡುಗನಿಗೆ ಒಂದು ಬಿಡಾರ ಸಿಕ್ಕಿರಬೇಕು, ಅಂದರೆ ಆ ಊರಲ್ಲಿ ನೆಲೆಸುವ ಹಕ್ಕು ಸಿಕ್ಕಿರಬೇಕು. ಇದೇ ಹ್ಯೂಸುಂಗ್. ಅದನ್ನು ಕೊಡುವುದು ಬಿಡುವುದು ಧಣಿಯ ಇಷ್ಟ. ಕೊಡದಿದ್ದರೆ ಮದುವೆ ಇಲ್ಲ. ಬೇರೆ ಹಳ್ಳಿಗೆ ಹೋಗೋಣ ಅಂದರೆ ಅಲ್ಲಿನ ಧಣಿಯೂ ಕೊಡಬೇಕಲ್ಲ! ಹೀಗಾಗಿ ಜನ ಹಡಗು ಹತ್ತಿದರು. ಆ ಶತಮಾನದಲ್ಲಿ ಈ ಸಣ್ಣ ಪ್ರಾಂತ್ಯದಿಂದ ಲಕ್ಷಕ್ಕೂ ಹೆಚ್ಚು ಜನ ಊರು ಬಿಟ್ಟರು. ಅವರಲ್ಲಿ ಬಹಳ ಮಂದಿ ಅಮೆರಿಕಕ್ಕೆ ಹೋದವರು.

ಕಥೆಯಲ್ಲಿ ಯೆಹಾನ್ ಎಂಬ ಆಳು, ಮಾರಿಕೆನ್ ಎಂಬ ಹುಡುಗಿ. ಅವಳು ಬಸುರಿ. ಬಿಡಾರ ಕೊಡಿ, ಮದುವೆ ಆಗುತ್ತೇವೆ ಅಂತ ಬೇಡುತ್ತಾರೆ. ಧಣಿ ಕೊಡುವುದಿಲ್ಲ. ಅವನ ಕಣ್ಣು ಹಿಂದೆ ಮಾರಿಕೆನ್ ಮೇಲೆ ಬಿದ್ದಿತ್ತು, ಅವಳು ಒಪ್ಪಿರಲಿಲ್ಲ, ಆ ಹಗೆ ಬೇರೆ. ಒಂದು ದಿನ ಧಣಿ ಯೆಹಾನ್‌ಗೆ ಚಾವಟಿಯಿಂದ ಹೊಡೆಯುತ್ತಾನೆ. ಯೆಹಾನ್ ಕೈಯಲ್ಲಿ ಗೊಬ್ಬರ ಎತ್ತುವ ಕವೆಗೋಲು ಇದೆ. ಅದರಿಂದಲೇ ಅವನನ್ನು ಕೊಂದು ಓಡಿಹೋಗುತ್ತಾನೆ. ಮಾರಿಕೆನ್ ಮಗು ಹೆತ್ತು, ಬುದ್ಧಿ ಕೆಟ್ಟು ಸಾಯುತ್ತಾಳೆ. ವರ್ಷಗಳ ನಂತರ ಯೆಹಾನ್ ಕದ್ದು ವಾಪಸ್ ಬರುತ್ತಾನೆ. ಮಗನನ್ನು ಅಮೆರಿಕಕ್ಕೆ ಕರೆದೊಯ್ಯುವುದು, ಅವನು ಸ್ವತಂತ್ರನಾಗಿ ಬೆಳೆಯಬೇಕು ಎಂಬುದೊಂದೇ ಅವನ ಆಸೆ.

ರಾಯ್ಟರ್ ಈ ಕಾವ್ಯವನ್ನೇ ತನ್ನ ಅತ್ಯುತ್ತಮ ಕೃತಿ ಅಂತ ತಿಳಿದಿದ್ದ. ಓದುಗರು ಮಾತ್ರ ನಗೆ ಪದ್ಯಗಳ ರಾಯ್ಟರ್‌ನನ್ನೇ ಬಯಸಿದರು. ನನಗೆ ಇದರಲ್ಲಿ ಬಹಳ ಹಿಡಿಸಿದ್ದು ಮಾತಿನ ಬಿಗಿ. ಆಳುಕಾಳುಗಳ ಮಾತು ಅಂತ ತಳ್ಳಿದ್ದ ಭಾಷೆಯಲ್ಲೇ ಒಬ್ಬ ಆಳು ತನಗಾದ ಅನ್ಯಾಯ ಹೇಳುತ್ತಾನೆ. ನಡುವೆ ದುಭಾಷಿ ಇಲ್ಲ. ಧಣಿಗೂ ಆ ಮಾತು ಚೆನ್ನಾಗಿ ಅರ್ಥ ಆಗುತ್ತದೆ.

1856ರಲ್ಲಿ ಅವನು ನೊಯ್‌ಬ್ರಾಂಡೆನ್‌ಬರ್ಗ್‌ಗೆ ಬಂದ. ಅಲ್ಲಿದ್ದ ಏಳು ವರ್ಷಗಳಲ್ಲಿ ಒಂದರ ಹಿಂದೆ ಒಂದು ಗದ್ಯ ಕೃತಿಗಳು ಬಂದವು. ವಿಸ್ಮಾರ್‌ನ ಹಿನ್‌ಸ್ಟೋರ್ಫ್ ಅವುಗಳ ಪ್ರಕಾಶಕ. 1859ರ 'ಫ್ರಾನ್ಸೋಸೆನ್‌ಟೀಡ್' ನೆಪೋಲಿಯನ್ ಸೈನಿಕರು ಸ್ಟಾವೆನ್‌ಹಾಗನ್‌ನಲ್ಲಿ ಬೀಡುಬಿಟ್ಟ ಕಾಲದ ಕಥೆ. ಹಿಟ್ಟಿನ ಗಿರಣಿಯವನೊಬ್ಬ ಫ್ರೆಂಚ್ ಸಿಪಾಯಿಯೊಬ್ಬನಿಗೆ ಚೆನ್ನಾಗಿ ಕುಡಿಸುತ್ತಾನೆ, ಅಲ್ಲಿಂದ ಫಜೀತಿ ಮೇಲೆ ಫಜೀತಿ. ಓದಲು ಅದರಷ್ಟು ಖುಷಿ ಕೊಡುವ ಪುಸ್ತಕ ಇನ್ನೊಂದಿಲ್ಲ.

1862ರಲ್ಲಿ ಸೆರೆಮನೆಯ ನೆನಪುಗಳು ಬಂದವು, 'ಫೆಸ್ಟುಂಗ್ಸ್‌ಟೀಡ್'. ಇದು ವಿಚಿತ್ರ ಪುಸ್ತಕ. ಮರಣದಂಡನೆ ಕೇಳಿ ಬಂದವನು ಬರೆದ ಪುಸ್ತಕದಲ್ಲಿ ನಗು ಹೇಗೆ ಬರುತ್ತದೆ ಅಂತ ನೀವು ಕೇಳಬಹುದು. ಕೈದಿಗಳು ಒಬ್ಬರಿಗೊಬ್ಬರು ಅಡ್ಡಹೆಸರು ಇಟ್ಟುಕೊಂಡಿದ್ದಾರೆ. ಒಬ್ಬ ಕ್ಯಾಪ್ಟನ್, ಒಬ್ಬ ಕೋಪರ್ನಿಕಸ್, ಇನ್ನೊಬ್ಬ ಆರ್ಚ್‌ಬಿಷಪ್. ತಾವೇ ಅಡುಗೆ ಮಾಡಿಕೊಳ್ಳುತ್ತಾರೆ, ಜಗಳ ಆಡುತ್ತಾರೆ, ಪ್ರೀತಿಸುತ್ತಾರೆ. ರಾಯ್ಟರ್ ಚಿತ್ರ ಬರೆದು ಹೊತ್ತು ಕಳೆಯುತ್ತಾನೆ. ನಾವು ನಗುತ್ತಾ ಹೋಗುತ್ತೇವೆ. ಹೀಗೆ ನಗುವಾಗ ನಡುವೆ ಒಂದು ಸಾಲು ಬರುತ್ತದೆ, ಕತ್ತಲೆ ಕೋಣೆ, ಹಾಳಾದ ಕಣ್ಣು, ಹಾಳಾದ ಯೌವನ. ಅಲ್ಲೇ ನಿಲ್ಲದೆ ಅವನು ಮುಂದೆ ಹೋಗುತ್ತಾನೆ. ನನ್ನನ್ನು ನೋಡಿ ಅಳಿ ಅಂತ ಎಲ್ಲೂ ಕೇಳುವುದಿಲ್ಲ. ಮಾಗ್ಡೆಬರ್ಗ್‌ನ ಕ್ರೂರ ಕಮಾಂಡರ್‌ನನ್ನು ಮಾತ್ರ ಅವನು ಕ್ಷಮಿಸುವುದಿಲ್ಲ. ಕ್ಷಮಿಸದೆ ಇದ್ದದ್ದೇ ಸರಿ. ಎಲ್ಲವನ್ನೂ ನಕ್ಕು ಮರೆತುಬಿಟ್ಟಿದ್ದರೆ ಆ ಪುಸ್ತಕ ಸುಳ್ಳಾಗುತ್ತಿತ್ತು.

ಇನ್ನು ದೊಡ್ಡ ಕಾದಂಬರಿ, 'ಸ್ಟ್ರೋಮ್‌ಟೀಡ್'. 1862ರಿಂದ 1864ರ ನಡುವೆ ಮೂರು ಭಾಗವಾಗಿ ಬಂತು. ಶುರುವಿನ ದೃಶ್ಯ ನೋಡಿ. 1829ರ ಬೇಸಿಗೆ. ಹಾವರ್‌ಮಾನ್ ಎಂಬ ಗೇಣಿದಾರ ತೋಟದ ಚಪ್ಪರದಲ್ಲಿ ಕೂತಿದ್ದಾನೆ. ಬೆಲೆ ಬಿದ್ದು, ಗೇಣಿ ಕಟ್ಟಲಾಗದೆ ಮನೆಯ ಸಾಮಾನೆಲ್ಲ ಹರಾಜಾಗಿದೆ. ಒಳಗೆ ಹೆಂಡತಿಯ ಹೆಣ. ಬೆಳಗಾದರೆ ಮಣ್ಣು ಮಾಡಬೇಕು. ಪಕ್ಕದಲ್ಲಿ ಪುಟ್ಟ ಮಗಳು. ಒಂದು ಹಾಸ್ಯ ಕಾದಂಬರಿ ಹೀಗೆ ಶುರುವಾಗುತ್ತದೆ!

ಆ ಮನೆಗೆ ನಗು ತರುವವನು ಬ್ರೇಸಿಗ್, ಹಾವರ್‌ಮಾನ್‌ನ ಹಳೇ ಸ್ನೇಹಿತ. ದೊಡ್ಡ ಜಮೀನೊಂದರ ಪಾರುಪತ್ತೆಗಾರ. ಗಿಡ್ಡ, ದಪ್ಪ, ಕೆಂಪು ಮುಖ, ಕಾಲಿಗೆ ವಾತ. ಮದುವೆಯಾಗಿಲ್ಲ, ಆದರೆ ಒಂದು ಕಾಲದಲ್ಲಿ ಏಕಕಾಲಕ್ಕೆ ಮೂರು ಹುಡುಗಿಯರು ನಿಶ್ಚಯವಾಗಿದ್ದರು ಅಂತ ಆಗಾಗ ಹೇಳಿಕೊಳ್ಳುತ್ತಾನೆ. ದೊಡ್ಡ ಮನುಷ್ಯನ ಹಾಗೆ ಶಾಲೆಯ ಜರ್ಮನ್ ಮಾತಾಡಲು ಹೋಗಿ ಪ್ಲಾಟ್ ಜೊತೆ ಕಲಸಿಬಿಡುತ್ತಾನೆ. ಹುಡುಗ ಹುಡುಗಿಯರ ಪ್ರೇಮದ ಮಾತು ಕದ್ದು ಕೇಳಲು ಚೆರ್ರಿ ಮರ ಹತ್ತಿ ಕೂರುತ್ತಾನೆ. 1848ರ ಕ್ರಾಂತಿಯ ವರ್ಷ ಊರಿನ ಸಭೆಯಲ್ಲಿ ಬಡತನಕ್ಕೆ ಕಾರಣ ಏನು ಅಂತ ಚರ್ಚೆ ನಡೆಯುವಾಗ ಬ್ರೇಸಿಗ್ ಎದ್ದು ನಿಂತು, ಊರಿನ ದೊಡ್ಡ ಬಡತನ ಬಂದದ್ದು ದೊಡ್ಡ ದಾರಿದ್ರ್ಯದಿಂದ ಅನ್ನುತ್ತಾನೆ. ಅವನು ಬಳಸುವುದು ಫ್ರೆಂಚ್‌ನಿಂದ ಬಂದ ಗತ್ತಿನ ಪದ. ಸಭೆ ಚಪ್ಪಾಳೆ ತಟ್ಟುತ್ತದೆ. ಈ ಮಾತು ಜರ್ಮನ್‌ನಲ್ಲಿ ಗಾದೆಯಂತೆ ಉಳಿದುಬಿಟ್ಟಿದೆ. ಇವತ್ತಿನ ಟಿವಿ ಚರ್ಚೆ ನೋಡುವಾಗ ನನಗೆ ಬ್ರೇಸಿಗ್ ನೆನಪಾಗುತ್ತಾನೆ.

ಆದರೆ ಬ್ರೇಸಿಗ್ ಬರೀ ನಗೆಗಾರನಾ ಅಂದರೆ, ಅಲ್ಲ. ಯಾರ ಮನೆಯಲ್ಲಿ ಕಷ್ಟ ಇದೆಯೋ ಅಲ್ಲಿ ಅವನು ಮೊದಲು ಬಂದು ನಿಲ್ಲುತ್ತಾನೆ. ಹಾವರ್‌ಮಾನ್ ಮೇಲೆ ಸುಳ್ಳು ಅಪವಾದ ಬಂದಾಗ ಅದನ್ನು ಬಿಡಿಸಲು ಓಡಾಡುತ್ತಾನೆ. ಪೊಮುಖೆಲ್ಸ್‌ಕೊಪ್ ಎಂಬ ದುರಾಸೆಯ ಜಮೀನ್ದಾರನನ್ನು ಎದುರಿಸುತ್ತಾನೆ. ಕೊನೆಗೆ ಆ ಜಮೀನ್ದಾರನನ್ನು ಅವನ ಕೂಲಿಯವರೇ ಒಟ್ಟಾಗಿ ಹಳ್ಳಿಯಿಂದ ಆಚೆ ಹಾಕುತ್ತಾರೆ. ಹಾಗೆಯೇ ಮೋಸೆಸ್ ಎಂಬ ಮುದುಕ ಯಹೂದಿ ವ್ಯಾಪಾರಿಯ ಪಾತ್ರ. ಆ ಕಾಲದ ಎಷ್ಟೋ ಪುಸ್ತಕಗಳಲ್ಲಿ ಯಹೂದಿ ಅಂದರೆ ಕಳ್ಳ ಬಡ್ಡಿಯವನು. ರಾಯ್ಟರ್‌ನ ಮೋಸೆಸ್ ಮಾತಿಗೆ ತಪ್ಪದ, ಮನುಷ್ಯರನ್ನು ಅಳೆಯಬಲ್ಲ ಹಿರಿಯ.

ರಾಯ್ಟರ್‌ನಲ್ಲಿ ನನಗೆ ಒಪ್ಪಿಗೆಯಾಗದ್ದೂ ಇದೆ. 'ಸ್ಟ್ರೋಮ್‌ಟೀಡ್' ಬರುವಷ್ಟರಲ್ಲಿ 'ಕೈನ್ ಹ್ಯೂಸುಂಗ್'ನ ಸಿಟ್ಟು ತಣ್ಣಗಾಗಿದೆ. ಒಳ್ಳೆಯ ಧಣಿ, ಒಳ್ಳೆಯ ಪಾರುಪತ್ತೆಗಾರ ಇದ್ದರೆ ಸಾಕು, ಎಲ್ಲ ಸರಿಹೋಗುತ್ತದೆ ಎಂಬ ಧಾಟಿ ಬರುತ್ತದೆ. 1866ರಲ್ಲಿ ಅವನು ತನ್ನ ಕೃತಿಗಳನ್ನು ಬಿಸ್ಮಾರ್ಕ್‌ಗೆ ಮೆಚ್ಚುಗೆಯ ಪತ್ರದ ಜೊತೆ ಕಳಿಸಿದ. ಬಿಸ್ಮಾರ್ಕ್ ಅಂದರೆ ಅವನನ್ನು ಸೆರೆಗೆ ಹಾಕಿದ್ದ ಅದೇ ಪ್ರಶ್ಯಾದ ಪ್ರಧಾನಿ. ಒಂದೇ ಜರ್ಮನಿ ಎಂಬ ಹಳೇ ಕನಸು ನನಸಾಗುತ್ತಿದೆ ಅಂತ ಅವನಿಗೆ ಅನಿಸಿತ್ತು. ಆ ಕನಸಿನ ಇನ್ನೊಂದು ಭಾಗ, ಜನರ ಹಕ್ಕು, ಅದೇನಾಯಿತು ಅಂತ ಅವನು ಜೋರಾಗಿ ಕೇಳಲಿಲ್ಲ. ಇದು ನನ್ನನ್ನು ಕಾಡುತ್ತದೆ. ದಣಿದಿದ್ದ, ವಯಸ್ಸಾಗಿತ್ತು, ಅದೂ ನಿಜ.

ಕೊನೆಯ ವರ್ಷಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. 1863ರಲ್ಲಿ ರೋಸ್ಟಾಕ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಅದೇ ವರ್ಷ ಐಸೆನಾಖ್‌ಗೆ ಹೋಗಿ ನೆಲೆಸಿದ. ಮರುವರ್ಷ ಕಾನ್‌ಸ್ಟಾಂಟಿನೋಪಲ್ ಕಡೆಗೆ ಪ್ರವಾಸ ಹೋಗಿ ಬಂದ, ಅದನ್ನೂ ಒಂದು ಹಾಸ್ಯ ಕಥೆ ಮಾಡಿದ. ವಾರ್ಟ್‌ಬರ್ಗ್ ಕೋಟೆಯ ಕೆಳಗೆ ದೊಡ್ಡ ಮನೆ ಕಟ್ಟಿಸಿದ. 1874ರ ಜುಲೈ 12ರಂದು ಅಲ್ಲೇ ತೀರಿಕೊಂಡ. ಲೂಯಿಸೆ ಮುಂದೆ ಇಪ್ಪತ್ತು ವರ್ಷ ಬದುಕಿದ್ದಳು.

ಅವನ ಹೆಸರು ಹಡಗು ಹತ್ತಿದವರ ಜೊತೆಗೂ ಹೋಯಿತು. ಶಿಕಾಗೋದ ಹಂಬೋಲ್ಟ್ ಪಾರ್ಕ್‌ನಲ್ಲಿ 1893ರಲ್ಲಿ ರಾಯ್ಟರ್‌ನ ಪ್ರತಿಮೆ ನಿಂತಿತು. ಇತ್ತ ಪ್ಲಾಟ್ ಭಾಷೆಗೆ ಯುರೋಪಿನ ಪ್ರಾದೇಶಿಕ ಭಾಷೆಗಳ ಸನ್ನದಿನ ರಕ್ಷಣೆ ಸಿಕ್ಕಿದೆ. ಜರ್ಮನಿ ಅದನ್ನು 1998ರಲ್ಲಿ ಒಪ್ಪಿಕೊಂಡಿತು. ಆದರೆ ಮನೆಯಲ್ಲಿ ಮಕ್ಕಳ ಜೊತೆ ಆಡುವವರು ಕಡಿಮೆಯಾಗುತ್ತಲೇ ಇದ್ದಾರೆ.

ಮಾತು ಮುಗಿದ ಮೇಲೆ ಸಭೆಯಲ್ಲಿ ಒಬ್ಬರು ಕೇಳಿದರು: "ಆ ಕೂಲಿಯವರಿಗೆ ಕೊನೆಗೂ ಬಿಡಾರ ಸಿಕ್ಕಿತೇ ಸಾರ್?"

ನಾನು ಕೊಟ್ಟ ಉತ್ತರ ಇದು. ಮೆಕ್ಲೆನ್‌ಬರ್ಗ್‌ನಲ್ಲಿ 1755ರ ಹಳೇ ಜಮೀನ್ದಾರಿ ವ್ಯವಸ್ಥೆ 1848ರಲ್ಲಿ ಸ್ವಲ್ಪ ಅಲ್ಲಾಡಿ, 1850ರಲ್ಲಿ ಮತ್ತೆ ಬಂದು ಕೂತಿತು. ಅದು ಪೂರ್ತಿ ಹೋದದ್ದು 1918ರಲ್ಲಿ, ರಾಯ್ಟರ್ ಸತ್ತು 44 ವರ್ಷ ಆದ ಮೇಲೆ. ಅದಾದ ಮೇಲೆ, 1925ರಿಂದ, ಬರ್ಲಿನ್‌ನ ಬ್ರಿಟ್ಸ್ ಎಂಬಲ್ಲಿ ಕಾರ್ಮಿಕರಿಗೂ ಸಣ್ಣ ಸಂಬಳದವರಿಗೂ ಅಂತ ದೊಡ್ಡ ಬಡಾವಣೆ ಕಟ್ಟಿದರು. ವಾಸ್ತುಶಿಲ್ಪಿಗಳು ಬ್ರೂನೋ ಟೌಟ್ ಮತ್ತು ಮಾರ್ಟಿನ್ ವಾಗ್ನರ್. ಕುದುರೆ ಲಾಳದ ಆಕಾರದ ಆ ಬಡಾವಣೆ ಈಗ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಅಲ್ಲಿನ ಮುಖ್ಯ ರಸ್ತೆಗೆ ಫ್ರಿಟ್ಸ್ ರಾಯ್ಟರ್ ಹೆಸರು. ಒಂದು ಬೀದಿಗೆ ಕಾದಂಬರಿಯ ಆ ಬ್ರೇಸಿಗ್‌ನದೇ ಹೆಸರು, 'ಬ್ರೇಸಿಗ್ ಮಾವ' ಅಂತ. ಲಾಳದ ಪಕ್ಕದಲ್ಲೇ ಮನೆಗಳ ಒಂದು ಅಂಗಳ ಇದೆ. ನಡುವೆ ಬಯಲು, ಸುತ್ತ ತೋಟ ಇರುವ ಮನೆಗಳು. ಅದಕ್ಕೆ ಅವರು ಇಟ್ಟ ಹೆಸರು ಹ್ಯೂಸುಂಗ್.